ನೂರ ತೊಂಬತ್ತೆಂಟನೆಯ ಮನೆ

"ಒಂದನೇ ಮಂದೆ ಆರು, ಎರಡನೇದು ಒಂಬತ್ತು, ನಾಲ್ಕನೇದು ಏಳು," ಎಂದು ಕಂಪ್ಯೂಟರ್ ಪರದೆ ನೋಡಿಕೊಂಡು ಓದಿದ ಪ್ರಯೋಗಾಲಯದ ಸಹಾಯಕ ಪಿಪೆಟ್ ಅಲ್ಲಿಗೇ ನಿಲ್ಲಿಸಿದ.

"ಮೂರನೇದನ್ನ ನುಂಗಿಬಿಟ್ಯಲ್ಲಪ್ಪ."

"ನುಂಗಿಲ್ಲ ಮೇಡಂ, ಗಂಟಲಲ್ಲೇ ಸಿಕ್ಕೊಂಡಿದೆ. ತೊಂಬತ್ತನಾಲ್ಕು."

ಹುಳದಮ್ಮ ಹೊಸ್ತಿಲ ಮೇಲೆ ನಿಂತಿದ್ದಳು. ಪ್ರಯೋಗಾಲಯದ ಒಳಗೆ ಚಹಾ ತರಕೂಡದೆಂಬ ನಿಯಮ ಬರೆದವಳು ಅವಳೇ. ಆದ್ದರಿಂದ ಲೋಟ ಹಿಡಿದ ಕೈ ಹೊರಗೆ, ಕಿವಿ ಒಳಗೆ. ತೊಂಬತ್ತನಾಲ್ಕು ಎಂಬ ಮಾತು ಕಿವಿಗೆ ಬಿದ್ದದ್ದೇ, ನಿಯಮ ಮರೆತು ಲೋಟದ ಸಮೇತ ಒಳಗೆ ಬಂದಳು.

ಒಂದೇ ತಿಂಗಳಲ್ಲಿ ಗುಡ್ಡದ ಮೂರನೆಯ ಮಂದೆಯಲ್ಲಿ ಹನ್ನೊಂದು ಕುರಿ ಸತ್ತಿದ್ದವು. ಹೊಟ್ಟೆಯ ಹುಳಕ್ಕೆಂದು ಕುಡಿಸಿದ ಬಿಳಿ ಮದ್ದು ನಕಲಿಯಲ್ಲವೆಂದು ಕಳೆದ ವಾರವೇ ಗೊತ್ತಾಗಿತ್ತು. ನಾಳೆ ಬೆಳಗ್ಗೆ ಹತ್ತಕ್ಕೆ ಕುರಿ ಸಂಘದ ಸಭೆ ಸೇರಿ, ಆ ಮದ್ದು ಹಾಕಿದ ಮನುಷ್ಯನನ್ನು ಕೆಲಸದಿಂದ ತೆಗೆಯಲಿತ್ತು.

ಹುಳದಮ್ಮ ಕುರಿಯ ಹೊಟ್ಟೆಯ ಹುಳಗಳ ಡಾಕ್ಟರು. ಈ ಅಡ್ಡಹೆಸರನ್ನು ಮೊದಲು ಇಟ್ಟವರು ಹಂಗಿಸುವುದಕ್ಕೇ ಇಟ್ಟಿದ್ದರು. ಈಗ ಅವಳ ಊಟದ ಡಬ್ಬಿಯ ಮೇಲೂ ಮಗಳು ಅದನ್ನೇ ಬಣ್ಣದಲ್ಲಿ ಬರೆದಿದ್ದಾಳೆ. ನಲವತ್ತೆಂಟರ ಹೆಂಗಸು ದಿನವಿಡೀ ಹಿಕ್ಕೆ ಎಣಿಸಿಕೊಂಡು ಇಷ್ಟು ಖುಷಿಯಾಗಿರುವುದು ಹೇಗೆ ಎಂದು ಅವಳ ಅತ್ತೆಗೆ ಮದುವೆಯಾದಾಗಿನಿಂದ ಆಶ್ಚರ್ಯ. ಅವಳಿಗೂ ಅದು ಹೇಗೆಂದು ಗೊತ್ತಿಲ್ಲ, ಖುಷಿಯಂತೂ ನಿಜ.

ಕೆಲಸವೇನೋ ಹಾಗೆ ನಾಜೂಕಿನದಲ್ಲ. ಹಿಕ್ಕೆ ಆರಿಸಿ ತಂದು, ಡಬ್ಬಿಯಲ್ಲಿ ಬೆಚ್ಚಗಿಟ್ಟು ಹತ್ತು ದಿನ ಕಾಯಬೇಕು. ಒಳಗಿನ ಮೊಟ್ಟೆ ಒಡೆದು, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಮರಿಹುಳಗಳು ಹೊರಬರುತ್ತವೆ. ಅವುಗಳ ಡಿಎನ್‌ಎ ತೆಗೆದು ಯಂತ್ರಕ್ಕೆ ಕೊಟ್ಟರೆ, ನೂರಕ್ಕೆ ಎಷ್ಟು ಪಾಲು ಮದ್ದಿಗೆ ಜಗ್ಗುವುದಿಲ್ಲವೆಂದು ಅದು ಹೇಳುತ್ತದೆ. ಯಂತ್ರಕ್ಕೆ ಯಾರ ಮುಲಾಜೂ ಇಲ್ಲ.

"ಯಾವ ಮನೆ?" ಎಂದು ಕೇಳಿದಳು.

"ಇದು ಒಟ್ಟು ಲೆಕ್ಕ ಮೇಡಂ. ಮನೆ ಬಿಡಿಸಿ ನೋಡೋಕೆ ಯಂತ್ರ ಇನ್ನೊಂದ್ಸಲ ಓಡಬೇಕು. ಮೂರು ಗಂಟೆ ಹಿಡಿಯುತ್ತೆ."

ಮನೆ ಎಂಬುದು ಅವರಿಬ್ಬರ ನಡುವಿನ ಮಾತು. ಬಿಳಿ ಮದ್ದು ಹುಳದ ಮೈಯೊಳಗಿನ ಒಂದು ಪ್ರೋಟೀನಿಗೆ ಅಂಟಿಕೊಂಡರೆ ಹುಳ ಸಾಯುತ್ತದೆ. ಆ ಪ್ರೋಟೀನು ಒಂದು ಉದ್ದನೆಯ ಬೀದಿ ಎಂದುಕೊಳ್ಳಿ, ಸಾಲಾಗಿ ನಾನೂರಕ್ಕೂ ಹೆಚ್ಚು ಮನೆ. ಅದರಲ್ಲಿ ಯಾವುದೋ ಒಂದು ಮನೆಯಲ್ಲಿ ಹಳಬರು ಹೋಗಿ ಹೊಸಬರು ಬಂದರೆ ಸಾಕು, ಮದ್ದಿಗೆ ಅಂಟಲು ಜಾಗ ಸಿಗುವುದಿಲ್ಲ. ಈ ಭಾಗದ ಹುಳಗಳಲ್ಲಿ ಹಾಗೆ ಬದಲಾಗುವುದು ಇನ್ನೂರನೆಯ ಮನೆ.

"ಹೋಲಿಸಿ ನೋಡೋಕೆ ಫ್ರೀಜರಿಂದ ಸಾಹೇಬನ ಹುಳ ತೆಗೀಲಾ?"

"ತೆಗಿ," ಎಂದಳು. ಕಣ್ಣು ತಾನಾಗಿಯೇ ಹಿಂದಿನ ಕಿಟಕಿಯ ಕಡೆ ಹೋಯಿತು.

ಕಿಟಕಿಯ ಆಚೆ ಒಂದು ಖಾಲಿ ದೊಡ್ಡಿ. ಅಲ್ಲಿ ಆರು ವರ್ಷ ಸಾಹೇಬ ಇದ್ದ. ದಾಖಲೆಯಲ್ಲಿ ಏಳನೆಯ ನಂಬರಿನ ಟಗರು, ಬೀಜ ಒಡೆದದ್ದು. ಮದ್ದಿಗೆ ಜಗ್ಗದ ಹುಳಗಳನ್ನು ಹೋಲಿಕೆಗೆಂದು ಅವನ ಹೊಟ್ಟೆಯಲ್ಲೇ ಜೋಪಾನವಾಗಿ ಸಾಕಲಾಗಿತ್ತು. ಗೇಟು ಅರ್ಧ ತೆರೆದರೆ ಅವನು ಕದಲುತ್ತಿರಲಿಲ್ಲ. ಪೂರ್ತಿ ತೆಗೆದು, ಪಕ್ಕಕ್ಕೆ ಸರಿದು ನಿಂತರೆ ಮಾತ್ರ ಹೊರಡುತ್ತಿದ್ದ. ಅದಕ್ಕೇ ಸಾಹೇಬ.

ಹೋದ ವರ್ಷ ಪ್ರಯೋಗಾಲಯದ ಹಿರಿಯರಾದ ದೊಡ್ಡ ಡಾಕ್ಟರು ನಿವೃತ್ತರಾದಾಗ ಆ ದೊಡ್ಡಿ ಮುಚ್ಚಿತು. ಅಂಥ ಹುಳ ಹೊತ್ತ ಪ್ರಾಣಿ ಆವರಣದಿಂದ ಜೀವಂತ ಹೊರಗೆ ಹೋಗುವಂತಿಲ್ಲ ಎಂಬುದು ನಿಯಮ. ಹುಳಗಳು ಫ್ರೀಜರಿಗೆ ಹೋದವು, ಸಾಹೇಬ ಹೆಣ ಸುಡುವ ಕುಲುಮೆಗೆ ಹೋದ. ಹುಳದಮ್ಮ ಆ ಕಾಗದಕ್ಕೆ ಸಹಿ ಹಾಕಿದಳೇ ಹೊರತು ನೋಡಲು ಹೋಗಲಿಲ್ಲ. ಆವತ್ತು ಊಟದ ಡಬ್ಬಿ ಮುಂದಿಟ್ಟುಕೊಂಡು ಚೆನ್ನಾಗಿ ಅತ್ತಳು. ಅವನಿಗೆ ಹಿಂಡಿ ಹಾಕುತ್ತಿದ್ದ ತಗಡಿನ ಡಬ್ಬಿ ಮಾತ್ರ ಅವಳ ಕೈಚೀಲದಲ್ಲೇ ಉಳಿದಿದೆ. ಬೇರೆ ಕುರಿಗಳನ್ನು ಹತ್ತಿರ ಕರೆಯಲು ಬೇಕಾಗುತ್ತದೆ ಎಂದು ಕೇಳಿದವರಿಗೆ ಹೇಳುತ್ತಾಳೆ.

"ನಾನು ಗುಡ್ಡಕ್ಕೆ ಹೋಗ್ತೀನಿ. ಮನೆ ನಂಬರ್ ಸಿಕ್ಕ ತಕ್ಷಣ ಫೋನ್ ಮಾಡು."

"ಮೇಡಂ, ಚಹಾ ಲೋಟ..."

"ಯಾರಿಗೂ ಹೇಳ್ಬೇಡ," ಎಂದು ಹುಳದಮ್ಮ ಲೋಟ ಎತ್ತಿಕೊಂಡು ಹೊರಬಿದ್ದಳು.

*

ಉಣ್ಣೆ ಕತ್ತರಿಸುವ ಕೊಟ್ಟಿಗೆಯ ತಗಡಿನ ಛಾವಣಿಯ ಕೆಳಗೆ ನಾಲ್ಕು ಕತ್ತರಿ ಯಂತ್ರಗಳು ಒಟ್ಟಿಗೆ ಗುಂಯ್ ಎನ್ನುತ್ತಿದ್ದವು. ಹಲಗೆ ನೆಲ ವರ್ಷಗಟ್ಟಲೆ ಉಣ್ಣೆಯ ಜಿಡ್ಡು ಕುಡಿದು ನುಣ್ಣಗಾಗಿತ್ತು. ಒಂದು ಕಡೆ ತುಪ್ಪುಳ ತುಂಬಿಕೊಂಡ ದಪ್ಪ ದಪ್ಪ ಕುರಿಗಳು. ಇನ್ನೊಂದು ಕಡೆ ಕತ್ತರಿಸಿಕೊಂಡು ಬಂದ ಬೆತ್ತಲೆ ಕುರಿಗಳು, ತಮ್ಮ ಗುರುತು ತಮಗೇ ಸಿಗದವರ ಹಾಗೆ ಒಂದನ್ನೊಂದು ಮೂಸುತ್ತಿದ್ದವು.

ಕಂಬಕ್ಕೆ ಒರಗಿ ಅಳತೆ ಮಾವ ನಿಂತಿದ್ದರು. ಬೆನ್ನಿನ ಮೇಲೆ ಮದ್ದಿನ ಕ್ಯಾನು, ಅಲ್ಲಿಂದ ಒಂದು ನಳಿಕೆ, ಕೊರಳಲ್ಲಿ ನೇತಾಡುವ, ಕುರಿಯ ಬಾಯಿಗಿಟ್ಟು ಮದ್ದು ಚಿಮ್ಮಿಸುವ ಗನ್ನು. ಮೂವತ್ತೆರಡು ವರ್ಷದಿಂದ ಈ ಗುಡ್ಡದ ನಾಲ್ಕೂ ಮಂದೆಗೆ ಮದ್ದು ಕುಡಿಸಿದ ಕೈ. ಹದಿನೈದು ದಿನದಿಂದ ಗನ್ನು ಮುಟ್ಟಬಾರದೆಂದು ಸಂಘ ಹೇಳಿದೆ. ಮುಟ್ಟಿಲ್ಲ, ಆದರೆ ಕೊರಳಿಂದ ತೆಗೆದೂ ಇಲ್ಲ.

"ಬನ್ನಿ ಮೇಡಂ," ಎಂದರು ಸಂಘದ ಅಧ್ಯಕ್ಷರು. ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು, ಕೈಯಲ್ಲೊಂದು ಡೈರಿ ಇಲ್ಲದೆ ಮಾತಾಡುವವರಲ್ಲ. "ನಿಮ್ಮ ಯಂತ್ರ ಏನಾದ್ರೂ ಹೇಳ್ಲಿ, ನಾನು ಒಂದೇ ಮಾತು ಹೇಳ್ತೀನಿ. ಮದ್ದನ್ನ ತೂಕ ನೋಡಿ ಹಾಕ್ಬೇಕು. ತಕ್ಕಡಿ ಆ ಮೂಲೇಲಿ ಬಿದ್ದಿದೆ. ಇವರು ಹಾಕೋದು ಕಣ್ಣಳತೇಲಿ."

"ತಕ್ಕಡಿ ದಿನಕ್ಕೊಂದು ಮಾತಾಡುತ್ತೆ," ಎಂದರು ಅಳತೆ ಮಾವ. "ನನ್ನ ಕಣ್ಣು ಹಾಗಲ್ಲ."

"ಹಾಗಾದ್ರೆ ನೋಡೇಬಿಡೋಣ ಮಾವ," ಎಂದಳು ಹುಳದಮ್ಮ. "ನಾನೇ ತಕ್ಕಡಿ ಒರೆಸ್ತೀನಿ."

ತುಪ್ಪುಳದ ಕುರಿಗಳ ಕಡೆಯಿಂದ ಒಂದನ್ನು ಎಳೆದು ತಂದರು. ಅಳತೆ ಮಾವ ಅದನ್ನು ಸರಿಯಾಗಿ ನೋಡಿದಂತೆಯೂ ಕಾಣಲಿಲ್ಲ.

"ನಲವತ್ತೊಂದು."

ತಕ್ಕಡಿಯ ಮುಳ್ಳು ಒಂದೆರಡು ಸಲ ಓಲಾಡಿ ನಲವತ್ತೊಂದಕ್ಕೆ ನಿಂತಿತು.

"ಇದು ಮೂವತ್ತಾರು." ಮೂವತ್ತಾರೇ ಬಂತು.

"ಇದು ನಲವತ್ನಾಲ್ಕು. ಬೆಳಗ್ಗೆ ನೀರು ಜಾಸ್ತಿ ಕುಡಿದಿದೆ, ನಲವತ್ತೈದು ಅನ್ನಿ."

ನಲವತ್ತೈದು. ಕತ್ತರಿಯವರಲ್ಲೊಬ್ಬ ಶಿಳ್ಳೆ ಹಾಕಿದ. ಅಧ್ಯಕ್ಷರು ಡೈರಿಯಲ್ಲಿ ಏನನ್ನೋ ಬರೆದು ಹೊಡೆದುಹಾಕಿದರು. ಹುಳದಮ್ಮನಿಗೆ ಖುಷಿಯಾಯಿತು, ಮುಚ್ಚಿಡಲಿಲ್ಲ. ಆದರೆ ಮದ್ದಿನ ಗನ್ನು ಹಿಡಿದವರು ನಿಲ್ಲುವ ಜಾಗ ಯಾವುದೆಂದು ಅವಳ ಕಣ್ಣು ಆಗಲೇ ನೋಡಿಕೊಂಡಿತ್ತು. ಆ ಜಾಗ ಇದ್ದದ್ದು ಬೆತ್ತಲೆ ಕುರಿಗಳ ಕಡೆ.

"ಮಾವ, ಮದ್ದು ಹಾಕೋದು ಯಾವಾಗ? ಉಣ್ಣೆ ತೆಗೆಯೋಕೆ ಮುಂಚೇನಾ, ಆಮೇಲಾ?"

"ಆಮೇಲೆ. ಹಿಡಿದಾಗಲೇ ಎರಡೂ ಕೆಲಸ ಮುಗಿಸಿದ್ರೆ ಕುರಿಗೂ ಹಿಂಸೆ ತಪ್ಪುತ್ತೆ. ನಮ್ಮಪ್ಪನ ಕಾಲದಿಂದ ಹಾಗೇ."

"ಹಾಗಾದ್ರೆ ಇದೆಷ್ಟು?" ಎಂದು ಆಗಷ್ಟೇ ಕತ್ತರಿಸಿಕೊಂಡು ಬಂದ ಒಂದು ಕುರಿಯ ಬೆನ್ನು ಮುಟ್ಟಿದಳು.

"ಮೂವತ್ತೊಂದು."

ತಕ್ಕಡಿ ಮೂವತ್ತೆಂಟು ಎಂದಿತು.

ಅಳತೆ ಮಾವ ತಕ್ಕಡಿಯನ್ನೂ ಕುರಿಯನ್ನೂ ನೋಡಿದರು. "ಇನ್ನೊಂದು ತನ್ನಿ. ಇದು... ಇಪ್ಪತ್ತೊಂಬತ್ತು."

ಮೂವತ್ತಾರು.

ಕತ್ತರಿ ಯಂತ್ರಗಳು ಒಂದೊಂದಾಗಿ ನಿಂತವು. ಈ ಲೆಕ್ಕ ಯಾರಿಗೂ ಬೇಕಾಗಿರಲಿಲ್ಲ, ಅಧ್ಯಕ್ಷರಿಗೂ ಬೇಕಾಗಿರಲಿಲ್ಲವೆಂದು ಅವರ ಮುಖ ಹೇಳುತ್ತಿತ್ತು.

"ಉಣ್ಣೆ ತೂಗೋದು ಎರಡು ಕಿಲೋ ಮಾವ," ಎಂದಳು ಹುಳದಮ್ಮ ಮೆಲ್ಲಗೆ. "ಕಣ್ಣಿಗೆ ಕಾಣೋದು ಒಂಬತ್ತು ಕಿಲೋ."

ಅಳತೆ ಮಾವ ಕೊರಳಿಂದ ಗನ್ನು ತೆಗೆದರು. ಬೆನ್ನಿನ ಕ್ಯಾನು ಇಳಿಸಿದರು. ಎರಡನ್ನೂ ತಕ್ಕಡಿಯ ಮೇಲೆ ಇಟ್ಟು ಹಿಂದೆ ಸರಿದರು. "ಕಮ್ಮಿ ಹಾಕಿದೀನಿ. ಇಷ್ಟು ವರ್ಷ ಕಮ್ಮಿ ಹಾಕಿದೀನಿ. ಸಾಯದೆ ಉಳಿದ ಹುಳ ಗಟ್ಟಿಯಾಗಿ ಕೂತ್ಕೊಂಡಿವೆ. ಹನ್ನೊಂದು ಕುರೀನೂ ನಾನೇ ಕೊಂದೆ ಡಾಕ್ಟರಮ್ಮ. ನಾಳೆ ಸಭೆ ಯಾಕೆ, ಇವತ್ತೇ ಬರ್ಕೊಳ್ಳಿ."

ಅವರ ದನಿ ಒಡೆಯಲಿಲ್ಲ. ಒಡೆದಿದ್ದರೆ ಹುಳದಮ್ಮನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ತನ್ನ ಕಣ್ಣನ್ನು ನಂಬಿ ಬಾಳಿದ ಮನುಷ್ಯ, ಆ ಕಣ್ಣಿನಿಂದಲೇ ಈಗ ನೆಲ ನೋಡುತ್ತಿದ್ದರು.

"ಬರ್ಕೋಬೇಡಿ," ಎಂದಳು, ಡೈರಿ ತೆರೆಯುತ್ತಿದ್ದ ಅಧ್ಯಕ್ಷರಿಗೆ. ಕುರಿಗೆ ಗುರುತು ಹಾಕುವ ಕೆಂಪು ಬಳಪ ತೆಗೆದುಕೊಂಡು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಳು: ಆರು, ಒಂಬತ್ತು, ತೊಂಬತ್ತನಾಲ್ಕು, ಏಳು.

"ಮಾವ, ನಾಲ್ಕು ಮಂದೆಗೂ ಮದ್ದು ಹಾಕೋರು ಯಾರು?"

"ನಾನೇ."

"ಗನ್ನು?"

"ಇದೊಂದೇ."

"ಮದ್ದು?"

"ಒಂದೇ ಕ್ಯಾನಿಂದ. ಅದೇ ದಿನ."

"ಉಣ್ಣೆ ತೆಗೆದ ಮೇಲೆ?"

"ನಾಲ್ಕಕ್ಕೂ ಆಮೇಲೇನೇ."

"ಅಂದ್ರೆ ತಪ್ಪು ನಾಲ್ಕು ಮಂದೆಗೂ ಸಮ. ಹಾಗಿದ್ರೆ ಈ ನಂಬರೂ ನಾಲ್ಕಕ್ಕೂ ಸಮ ಇರ್ಬೇಕಲ್ವಾ ಮೇಷ್ಟ್ರೇ? ಗಣಿತ ನಿಮ್ದು."

ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡು ಗೋಡೆ ನೋಡಿದರು. ನೋಡುತ್ತ ನೋಡುತ್ತ ಅವರೊಳಗಿನ ಮೇಷ್ಟ್ರು ಎದ್ದು ಕೂತರು. "ಮೂರನೇದು ಗುಂಪಿಗೇ ಸೇರಲ್ಲ. ಕಾರಣ ಬೇರೆ ಇದೆ."

"ಕಣ್ಣಳತೆ ತಪ್ಪು ನಿಜ, ಇನ್ಮೇಲೆ ತಕ್ಕಡಿ," ಎಂದಳು ಹುಳದಮ್ಮ. "ಆದ್ರೆ ಅದರಿಂದಾಗಿದ್ದು ಈ ಆರು, ಏಳು, ಒಂಬತ್ತು. ತೊಂಬತ್ತನಾಲ್ಕು ಇಲ್ಲಿ ಬೆಳೆದದ್ದಲ್ಲ, ಹೊರಗಿಂದ ಬಂದದ್ದು. ಗಟ್ಟಿ ಹುಳವನ್ನ ಯಾರೋ ತಂದು ಮೂರನೇ ಮಂದೆಯ ಹುಲ್ಲಿಗೆ ಬಿಟ್ಟಿದ್ದಾರೆ. ಮಾವನ ಮದ್ದು ಬಡ ಹುಳಗಳನ್ನ ಕೊಂದು ಅದಕ್ಕೆ ಜಾಗ ಮಾಡಿಕೊಟ್ಟಿದೆ, ಅಷ್ಟೇ."

ಅಳತೆ ಮಾವ ತಲೆ ಎತ್ತಿದರು. ಗೋಡೆಯ ಮೇಲಿನ ನಾಲ್ಕು ಅಂಕಿಗಳನ್ನು ಒಂದೊಂದಾಗಿ ನೋಡಿದರು.

"ನಾಳೆ ಸಭೇಲಿ ನಾನೇ ಎದ್ದು ನಿಂತು ಹೇಳ್ತೀನಿ ಮಾವ. ಈ ಹುಳ ಯಾರ ಕೈಯಿಂದ ಬಂತು ಅನ್ನೋದನ್ನೂ ಹೇಳ್ತೀನಿ. ಯಾರೇ ಆಗಿರಲಿ."

"ಯಾರೇ ಆಗಿರಲಿ," ಎಂದು ಅಧ್ಯಕ್ಷರು ಉಚ್ಚರಿಸಿಕೊಂಡೇ ಡೈರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದರು. "ಇದನ್ನ ದೊಡ್ಡ ಡಾಕ್ಟರಿಗೆ ಈಗ್ಲೇ ತಿಳಿಸ್ಬೇಕು. ಹುಳದ ವಿಷಯ ಅಂತ ನಾಳೆ ಸಭೆ ನಡೆಸೋಕೆ ಅವರನ್ನೇ ಕರೆದಿದೀವಲ್ಲ." ಫೋನು ಹಿಡಿದು ಹೊರಗೆ ಹೋದರು.

ದೊಡ್ಡ ಡಾಕ್ಟರು ನಡೆಸುತ್ತಾರೆಂದರೆ ಚಿಂತೆಯಿಲ್ಲ ಎಂದುಕೊಂಡಳು ಹುಳದಮ್ಮ. ಹುಳ ನೋಡುವುದನ್ನು ಅವಳಿಗೆ ಕಲಿಸಿದವರು ಅವರು. ಇಪ್ಪತ್ತೆರಡು ವರ್ಷ ಒಂದೇ ಮೇಜಿನ ಆ ಬದಿ, ಈ ಬದಿ.

*

ಮೂರನೆಯ ಮಂದೆಯ ಯಜಮಾನಿ ಬುತ್ತಿ ಬಿಚ್ಚುತ್ತಿದ್ದವಳು ಬುತ್ತಿಯ ಸಮೇತ ಎದ್ದು ಬಂದಳು. ಗಟ್ಟಿಮುಟ್ಟಾದ ಹೆಂಗಸು, ನಕ್ಕರೆ ಕೊಟ್ಟಿಗೆಗೆಲ್ಲ ಕೇಳಿಸಬೇಕು. ಈ ತಿಂಗಳು ಅವಳು ನಕ್ಕಿದ್ದನ್ನು ಯಾರೂ ಕೇಳಿಲ್ಲ. ನೂರ ಇಪ್ಪತ್ತಿದ್ದ ಅವಳ ಮಂದೆ ಈಗ ನೂರ ಒಂಬತ್ತು.

"ಹೊರಗಿಂದ ಕುರಿ ತಂದ್ಯಾ ಅಂತ ತಾನೇ ಕೇಳೋದು?" ಎಂದಳು. "ಎಷ್ಟು ಸಲ ಹೇಳ್ಲಿ ಅಕ್ಕ? ಏಳು ವರ್ಷದಿಂದ ಒಂದೂ ತಂದಿಲ್ಲ. ಮೂರು ಕಡೆ ಕಲ್ಲಿನ ಗೋಡೆ, ಒಂದು ಕಡೆ ಹಳ್ಳ. ಪಕ್ಕದ ಮಂದೆಯ ಕುರಿ ಹಾರಿ ಬರೋಕೂ ಆಗಲ್ಲ. ಎಲ್ಲಾ ಇಲ್ಲೇ ಹುಟ್ಟಿದ್ದು. ಬೇಕಾದ್ರೆ ಒಂದೊಂದರ ಅಮ್ಮ, ಅಜ್ಜಿ ಯಾರು ಅಂತ ಹೇಳ್ತೀನಿ."

"ಅವಳು ಸುಳ್ಳು ಹೇಳೋಳಲ್ಲ," ಎಂದರು ಅಳತೆ ಮಾವ. "ಪ್ರತಿ ಕುರಿಯ ಬಾಯಿಗೂ ಕೈ ಹಾಕಿದೋನು ನಾನು. ಹೊಸ ಮುಖ ಒಂದೂ ಬಂದಿಲ್ಲ."

ಹುಳದಮ್ಮನ ಫೋನು ಬಡಿದುಕೊಂಡಿತು. ಪಿಪೆಟ್.

"ಮೇಡಂ, ಇನ್ನೂರಲ್ಲ."

"ಮತ್ತೆ?"

"ನೂರ ತೊಂಬತ್ತೆಂಟು."

ಹುಳದಮ್ಮ ಪಕ್ಕದಲ್ಲಿದ್ದ ಉಣ್ಣೆಯ ಮೂಟೆಯ ಮೇಲೆ ಕುಳಿತಳು. ಮೂಟೆ ಮೆತ್ತಗೆ ಅವಳನ್ನು ಒಳಗೆಳೆದುಕೊಂಡಿತು. "ಫ್ರೀಜರಿಂದ ತೆಗೆದದ್ದು?"

"ಅದು ಯಾವಾಗ್ಲೂ ನೂರ ತೊಂಬತ್ತೆಂಟೇ ಅಲ್ವಾ ಮೇಡಂ. ಎರಡರ ಗೆರೆಯೂ ಪರದೆ ಮೇಲೆ ಒಂದರ ಮೇಲೊಂದು ಕೂತಿವೆ. ಟ್ಯೂಬು ಅದಲುಬದಲಾಗಿಲ್ಲ, ಮೂರು ಸಲ ನೋಡಿದೆ. ನನ್ನ ಮಕ್ಕಳಾಣೆ."

ಇಪ್ಪತ್ತು ವರ್ಷದ ಹಿಂದೆ ದೊಡ್ಡ ಡಾಕ್ಟರು ಬಹುದೂರದಿಂದ ತರಿಸಿದ ಹುಳ ಅದು. ಈ ಭಾಗದ ಯಾವ ಮಂದೆಯಲ್ಲೂ ಅದು ಇದುವರೆಗೆ ಸಿಕ್ಕಿರಲಿಲ್ಲ. ಅದು ಇರುವುದು ತಮ್ಮ ಫ್ರೀಜರಿನಲ್ಲಿ ಮಾತ್ರ. ಫ್ರೀಜರಿನ ಹುಳಕ್ಕೆ ಕಾಲಿಲ್ಲ, ಗುಡ್ಡ ಹತ್ತಿ ಬರಲಾರದು. ಬರಬೇಕಾದರೆ ಅದಕ್ಕೊಂದು ಹೊಟ್ಟೆ ಬೇಕು. ನಡೆದಾಡುವ, ಹುಲ್ಲು ಮೇಯುವ, ಹಿಕ್ಕೆ ಹಾಕುವ ಹೊಟ್ಟೆ.

ಆ ಹೊತ್ತಿಗೆ ಗೋಡೆಯಾಚೆಯ ಇಳಿಜಾರಿನಿಂದ ಗಂಟೆಯ ಸದ್ದು ಬಂತು. ಬೆಳಗಿನಿಂದಲೂ ಅದು ಬರುತ್ತಲೇ ಇತ್ತು. ಕೇಳಿಸಿಕೊಂಡದ್ದು ಈಗ.

"ಆ ಗಂಟೆ ಯಾರದ್ದು?"

"ಯಾರದ್ದು ಅಂದ್ರೆ? ಮುಂದಾಳಿನದು," ಎಂದಳು ಯಜಮಾನಿ. "ಮಂದೆಯ ಮುಂದೆ ನಡೆಯೋ ಟಗರು."

"ಅದೂ ಇಲ್ಲೇ ಹುಟ್ಟಿದ್ದಾ?"

ಯಜಮಾನಿ ಅವಳನ್ನು ವಿಚಿತ್ರವಾಗಿ ನೋಡಿದಳು. "ಮುಂದಾಳನ್ನ ಯಾರಾದ್ರೂ ಕುರಿ ಲೆಕ್ಕಕ್ಕೆ ಹಿಡೀತಾರಾ ಅಕ್ಕ? ಕುರಿ ಅಂದ್ರೆ ಮರಿ ಹಾಕ್ಬೇಕು, ಇಲ್ಲ ಉಣ್ಣೆ ಕೊಡ್ಬೇಕು. ಅದು ನನ್ನ ಜೊತೆ ಕೆಲಸ ಮಾಡೋದು. ಹಳೇದು ಕಾಲು ಮುರ್ಕೊಂಡ ಮೇಲೆ ಹೋದ ವರ್ಷ ಇದು ಬಂತು. ಬಲೇ ಸಾಧು. ಮನುಷ್ಯರ ಬೆನ್ನ ಹಿಂದೆಯೇ ಬರುತ್ತೆ, ಅದಕ್ಕೇ ಮುಂದಾಳಾಗೋಕೆ ಹೇಳಿ ಮಾಡಿಸಿದ ಹಾಗಿದೆ."

"ಮಾವ, ಅದಕ್ಕೆ ಮದ್ದು?"

"ಮುಂದಾಳಿಗೆ ಮದ್ದಾ?" ಅಳತೆ ಮಾವ ಬೆಚ್ಚಿಬಿದ್ದವರ ಹಾಗೆ ನೋಡಿದರು. "ಮದ್ದು ಕುಡಿದು ಅದು ಎರಡು ದಿನ ಮಂಕಾದ್ರೆ ನೂರು ಕುರಿ ದಾರಿ ತಪ್ಪುತ್ವೆ. ಮುಂದಾಳಿನ ಬಾಯಿಗೆ ಯಾರೂ ಗನ್ನು ಇಡಲ್ಲ ಡಾಕ್ಟರಮ್ಮ, ಎಲ್ಲೂ ಇಡಲ್ಲ."

ಹುಳದಮ್ಮನಿಗೆ ನಗು ಬಂತು. ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹೊರಗಿಂದ ಕುರಿ ತಂದಿದ್ದೀರಾ ಎಂದು ಈ ಹದಿನೈದು ದಿನದಲ್ಲಿ ನಾಲ್ಕು ಸಲ ಕೇಳಿದ್ದಾಳೆ. ನಾಲ್ಕು ಸಲವೂ ಇವರು ಸತ್ಯವನ್ನೇ ಹೇಳಿದ್ದಾರೆ. ಹಿಕ್ಕೆ ಆರಿಸುವಾಗಲೂ ಕಣ್ಣೆದುರು ಗಂಟೆ ಅಲ್ಲಾಡಿಸಿಕೊಂಡು ಓಡಾಡಿದ ಪ್ರಾಣಿಯನ್ನು ಯಾರೂ ಮುಚ್ಚಿಟ್ಟಿರಲಿಲ್ಲ, ಎಣಿಸಿರಲೂ ಇಲ್ಲ.

ನಗು ಇಳಿಯುತ್ತಿದ್ದಂತೆ ಮೂಟೆಯಿಂದ ಎದ್ದಳು. ಕೈಚೀಲದಿಂದ ತಗಡಿನ ಡಬ್ಬಿ ತೆಗೆದುಕೊಂಡು ಗೋಡೆಯ ಗೇಟಿನ ಹತ್ತಿರ ನಡೆದಳು. ಉಳಿದವರೆಲ್ಲ ಹಿಂದೆ ಬಂದರು. ಫೋನು ಮುಗಿಸಿದ ಅಧ್ಯಕ್ಷರೂ ಸೇರಿಕೊಂಡರು.

ಇಳಿಜಾರಿನ ತುಂಬ ಬಿಸಿಲು. ಕೆಳಗೆ, ಹಳ್ಳದ ಹತ್ತಿರ, ಮಂದೆ ತಲೆ ತಗ್ಗಿಸಿ ಮೇಯುತ್ತಿತ್ತು. ಅಷ್ಟು ದೂರಕ್ಕೆ ಯಾವುದು ಯಾವುದೆಂದು ಗೊತ್ತಾಗುವಂತಿರಲಿಲ್ಲ.

ಹುಳದಮ್ಮ ಡಬ್ಬಿಯ ಮುಚ್ಚಳವನ್ನು ಬೆರಳಲ್ಲಿ ಮೂರು ಸಲ ತಟ್ಟಿದಳು. ಟಕ್, ಟಕ್, ಟಕ್.

ನೂರಕ್ಕೂ ಹೆಚ್ಚು ತಲೆಗಳಲ್ಲಿ ಒಂದು ಮೇಲೆದ್ದಿತು.

ಗಂಟೆ ಒಮ್ಮೆ ನಿಂತಿತು. ಆಮೇಲೆ ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಮುದಿ ಟಗರೊಂದು ಗುಡ್ಡದ ಮೇಲಕ್ಕೆ ಓಡಿ ಬರುತ್ತಿತ್ತು. ಮುಂದಾಳು ಓಡಿದ ಮೇಲೆ ಕೇಳಬೇಕೇ, ಹಿಂದೆ ಇಡೀ ಮಂದೆ ಧೂಳೆಬ್ಬಿಸಿಕೊಂಡು ಬಂತು. "ಅಯ್ಯಯ್ಯೋ, ಇದೇನಕ್ಕ ಮಾಡಿದ್ರಿ!" ಎಂದು ಯಜಮಾನಿ ಕೂಗಿದಳು.

ಟಗರು ಗೇಟಿನವರೆಗೆ ಬಂದು ನಿಂತಿತು. ಏದುಸಿರು ಬಿಡುತ್ತಿತ್ತು. ಹುಳದಮ್ಮ ಗೇಟನ್ನು ಅರ್ಧ ತೆರೆದಳು. ಟಗರು ಕದಲಲಿಲ್ಲ. ಹಿಂದಿನ ಕುರಿಗಳು ಒತ್ತಿದವು, ಆದರೂ ಕದಲಲಿಲ್ಲ. ಅವಳು ಗೇಟನ್ನು ಪೂರ್ತಿ ತೆಗೆದು ಪಕ್ಕಕ್ಕೆ ಸರಿದು ನಿಂತಳು.

ಆಗ ಅದು ಗಂಭೀರವಾಗಿ ಹೊರಗೆ ಬಂದು, ಅವಳ ಅಂಗೈಗೆ ಮೂತಿ ಇಟ್ಟಿತು.

ಎಡಗಿವಿಯಲ್ಲಿ ನಂಬರಿನ ಬಿಲ್ಲೆ ಕಿತ್ತ ಗಾಯ ಮಾಗಿ ತೂತಾಗಿ ಉಳಿದಿತ್ತು. ಅದನ್ನು ನೋಡುವ ಅಗತ್ಯವೇ ಇರಲಿಲ್ಲ. ಹುಳದಮ್ಮ ನೆಲದ ಮೇಲೆ ಕುಳಿತು ಅದರ ಕೊರಳು ತಬ್ಬಿಕೊಂಡಳು. ಹನ್ನೊಂದು ಕುರಿಗಳ ಸಾವನ್ನು ಹೊಟ್ಟೆಯಲ್ಲಿ ಹೊತ್ತು ತಂದ ಪ್ರಾಣಿ ಎಂದು ಗೊತ್ತಿತ್ತು. ಆದರೂ ಬದುಕಿದೆಯಲ್ಲ ಎಂಬ ಸಂತೋಷವೇ ಮೊದಲು ಬಂತು, ಅದನ್ನು ಅವಳು ತಡೆಯಲಿಲ್ಲ.

"ನಿಮಗೆ ಗುರುತಿದೆಯಾ ಇದು?" ಎಂದರು ಅಧ್ಯಕ್ಷರು.

"ಇದನ್ನ ನಿನಗೆ ಯಾರು ಕೊಟ್ರಮ್ಮ?" ಎಂದು ಹುಳದಮ್ಮ ಯಜಮಾನಿಯನ್ನು ಕೇಳಿದಳು.

ಯಜಮಾನಿ ಕಣ್ಣರಳಿಸಿದಳು. "ಇದೊಳ್ಳೇ ಕತೆ ಆಯ್ತಲ್ಲ. ನೀವೇ ತಾನೇ ಅಕ್ಕ ಕಳಿಸಿದ್ದು?"

"ನಾನಾ?"

"ವ್ಯಾನಿನವರು ಇಳಿಸಿ ಚೀಟಿ ಕೊಟ್ರು. ನಿಮ್ಮ ಸಹಿ ನೋಡಿದ ಮೇಲೇ ಮಂದೆಗೆ ಬಿಟ್ಟಿದ್ದು. ಇಲ್ಲದಿದ್ರೆ ಬಿಡ್ತಿದ್ನಾ?" ಅವಳು ಫೋನಿನ ಹಿಂಬದಿಯ ಕವರು ಬಿಚ್ಚಿ, ನಾಲ್ಕಾಗಿ ಮಡಿಸಿದ ಕಾಗದವನ್ನು ತೆಗೆದಳು. "ಆಫೀಸಿನ ಕಾಗದ, ಎಂದಾದ್ರೂ ಬೇಕಾಗುತ್ತೆ ಅಂತ ಇಟ್ಕೊಂಡಿದೀನಿ."

ಪ್ರಯೋಗಾಲಯದ್ದೇ ಕಾಗದ, ಪ್ರಯೋಗಾಲಯದ್ದೇ ಮೊಹರು. 'ಈ ಟಗರನ್ನು ಪರೀಕ್ಷಿಸಲಾಗಿದೆ. ಹುಳುಬಾಧೆ ಇಲ್ಲ. ಮಂದೆಗೆ ಸೇರಿಸಬಹುದು.' ಕೆಳಗೆ ಸಹಿ. ಬಾಲದ ಸುಳಿಯ ಸಮೇತ ಅವಳದೇ ಸಹಿ, ಯಾರೂ ನಕಲು ಮಾಡಿದ್ದ‌ಲ್ಲ.

ಮೇಲಿನ ಮೂರು ಸಾಲು ಮಾತ್ರ ಹಸಿರು ಶಾಯಿಯಲ್ಲಿದ್ದವು. ಬಲಕ್ಕೆ ವಾಲಿದ, ಒತ್ತೊತ್ತಾದ, ದೊಡ್ಡ ಡಾಕ್ಟರ ಅಕ್ಷರ. ಇಪ್ಪತ್ತೆರಡು ವರ್ಷ ಅವಳು ಆ ಅಕ್ಷರದ ಕೆಳಗೆ ಓದದೆಯೇ ಸಹಿ ಹಾಕಿದ್ದಳು. ಅವರು ಬರೆಯುವುದು, ಇವಳು ಹಾಕುವುದು, ಅದೇ ಅವರ ಪ್ರಯೋಗಾಲಯದ ವಾಡಿಕೆ. ಬೀಳ್ಕೊಡುಗೆಯ ದಿನ ಅವರು ಒಂದು ಕಟ್ಟು ಕಾಗದ ಮುಂದಿಟ್ಟಾಗ ಅವಳು ಅಳು ಒರೆಸಿಕೊಳ್ಳುತ್ತ ಎಲ್ಲಕ್ಕೂ ಹಾಕಿದ್ದಳು. ಅದರಲ್ಲೇ ಸಾಹೇಬ ಸತ್ತನೆಂಬ ಕಾಗದವೂ ಇತ್ತು, ಸಾಹೇಬನಿಗೆ ಬಾಧೆಯಿಲ್ಲವೆಂಬ ಕಾಗದವೂ ಇತ್ತು.

ಇದೇ ಹುಳಗಳನ್ನು ಅವನ ಹೊಟ್ಟೆಗೆ ತಾವೇ ಕೈಯಾರೆ ಹಾಕಿದವರು, ಬಾಧೆ ಇಲ್ಲ ಎಂದು ಯಾಕೆ ಬರೆದರು?

"ಸಹಿ ನಿಮ್ಮದೇ ಅಲ್ವಾ ಮೇಡಂ?" ಅಧ್ಯಕ್ಷರು ಹೆಗಲ ಮೇಲಿಂದ ಓದಿದ್ದರು. ದನಿಯಲ್ಲಿ ಗೆಲುವೇನೂ ಇರಲಿಲ್ಲ. ಕಂಕುಳಲ್ಲಿ ಡೈರಿ ಇತ್ತು, ಅದರೊಳಗೆ 'ಯಾರೇ ಆಗಿರಲಿ' ಎಂಬ ಮಾತು, ಕೆಳಗೊಂದು ಗೆರೆ.

ಅವಳ ಹಿಂದೆ ಅಳತೆ ಮಾವ ಮತ್ತೆ ಕೊರಳಿಗೆ ಗನ್ನು ಹಾಕಿಕೊಂಡಿದ್ದರು. ಹದಿನೈದು ದಿನದ ಮೇಲೆ ಅವರ ಮುಖದಲ್ಲಿ ನೆಮ್ಮದಿ ಬಂದು ಕೂತಿತ್ತು. ನಾಳೆ ಡಾಕ್ಟರಮ್ಮ ಎದ್ದು ನಿಂತು ಹೇಳುತ್ತಾರೆ, ಇನ್ನೇನು ಬೇಕು ಎಂಬ ನೆಮ್ಮದಿ. ಅದನ್ನು ಕೊಟ್ಟವಳು ತಾನೇ, ಈಗ ಕಿತ್ತುಕೊಳ್ಳುವಂತಿಲ್ಲ.

"ಸಹಿ ನನ್ನದೇ," ಎಂದಳು ಹುಳದಮ್ಮ.

ಫೋನು ಮತ್ತೆ ಬಡಿದುಕೊಂಡಿತು. ದೊಡ್ಡ ಡಾಕ್ಟರು. ಅವಳು ಎತ್ತಿ ಕಿವಿಗಿಟ್ಟಳು.

"ಗುಡ್ಡದಲ್ಲಿದ್ದೀಯಂತೆ. ಅಧ್ಯಕ್ಷರು ಫೋನ್ ಮಾಡಿದ್ರು," ಎಂದಿತು ಆ ಕಡೆಯ ದನಿ, ಅದೇ ಹಳೆಯ ಅಕ್ಕರೆಯ ದನಿ. "ನಾಳೆ ಸಭೆ ವಿಷಯ ಆಮೇಲೆ ಮಾತಾಡೋಣ. ಮೊದ್ಲು ಹೇಳಮ್ಮ, ನಮ್ಮ ಸಾಹೇಬ ಹೇಗಿದ್ದಾನೆ? ಈಗ್ಲೂ ಗೇಟು ಪೂರ್ತಿ ತೆಗೆದ್ರೇನೇ ಹೊರಡೋದಾ?"